ಜಗಳೂರಿಗೆ ಸರಿದ ಮಳೆ

ಹೊನ್ನಾಳಿಯ ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಮರುಳಪ್ಪನವರದೊಂದು ಸಣ್ಣ ಪ್ರೆಸ್ಸು. ಲಗ್ನಪತ್ರಿಕೆ, ಅಡಿಕೆ ಮಂಡಿಯ ರಸೀದಿ ಪುಸ್ತಕ, ಟೆಂಟ್ ಸಿನಿಮಾದ ಕರಪತ್ರ, ತಿಥಿಯ ಕಾರ್ಡು, ಅಲ್ಲಿ ಅಚ್ಚಾಗುತ್ತಿದ್ದುದು ಹೆಚ್ಚುಕಡಿಮೆ ಇಷ್ಟೇ. ಉಡಚಮ್ಮ ಅಲ್ಲಿ ಅಚ್ಚಿನ ಮೊಳೆ ಜೋಡಿಸುವ ಕೆಲಸಕ್ಕೆ ಸೇರಿ ಆರು ವರ್ಷವಾಗಿತ್ತು. ಜಗಳೂರು ತಾಲ್ಲೂಕಿನ ಬಿಳಿಚೋಡಿನಲ್ಲಿ ಹುಟ್ಟಿದವಳು, ಓದಿದ್ದು ಏಳನೇ ಕ್ಲಾಸು. ಅಕ್ಕಿ ಗಿರಣಿಯಲ್ಲಿ ಕೆಲಸ ಮಾಡುತ್ತಿದ್ದ ಜಂಪಣ್ಣನನ್ನು ಮದುವೆಯಾಗಿ ಹೊನ್ನಾಳಿಗೆ ಬಂದಿದ್ದಳು. ಅಕ್ಷರ ಬಲ್ಲವಳೆಂದು ಮರುಳಪ್ಪನವರು ಸೇರಿಸಿಕೊಂಡರು. ಮೊದಲ ವರ್ಷ ಕನ್ನಡಿಯೊಳಗಿನ ಹಾಗೆ ತಿರುಗಿಕೊಂಡ ಅಕ್ಷರಗಳನ್ನು ನೋಡಿ ಅವಳಿಗೆ ತಲೆ ಸುತ್ತಿದ್ದುಂಟು. ಈಗ ಕಣ್ಣು ಹಸ್ತಪ್ರತಿಯ ಮೇಲಿದ್ದರೆ ಸಾಕು, ಕೈ ತಾನಾಗಿ ಖಾನೆಯಿಂದ ಖಾನೆಗೆ ಹೋಗಿ ಬರುತ್ತಿತ್ತು.

೧೯೮೩ರ ದೀಪಾವಳಿ ಕಳೆದ ಮೇಲೆ ಒಂದು ದಿನ ಷಣ್ಮುಖಪ್ಪ ಮೇಷ್ಟ್ರು ನ್ಯಾಮತಿಯಿಂದ ಬಸ್ಸಿಗೆ ಬಂದಿಳಿದರು. ಕಂಕುಳಲ್ಲಿ ಬಟ್ಟೆ ಸುತ್ತಿದ ಹಾಳೆಗಳ ಕಟ್ಟು. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತರಾದವರು. ಮೊದಲು ಕೆರೆಬಿಳಚಿಯಲ್ಲಿ, ಅರವತ್ತೆಂಟನೇ ಇಸವಿಯಿಂದ ಈಚೆಗೆ ನ್ಯಾಮತಿಯಲ್ಲಿ. ಎಂಟು ವರ್ಷ ಕೂತು ಹವಾಮಾನದ ಮೇಲೊಂದು ಪುಸ್ತಕ ಬರೆದಿದ್ದರು. ಹೆಸರು ‘ಮೋಡದ ಲೆಕ್ಕ’. ಐನೂರು ಪ್ರತಿ ಹಾಕಿಸಬೇಕು ಎಂದರು.

ಮರುಳಪ್ಪನವರು ಹಾಳೆ ತಿರುವಿ ನೋಡಿ, “ಇದನ್ನ ಯಾರು ಓದ್ತಾರೆ ಮೇಷ್ಟ್ರೇ? ಪಂಚಾಂಗ ಆದ್ರೆ ಮನೆಗೊಂದು ತಗೋತಾರೆ” ಎಂದರು.

“ಪಂಚಾಂಗ ಓದಿದವ್ರೆಲ್ಲ ಇದನ್ನೂ ಓದ್ಲಿ ಅಂತಾನೇ ಬರ್ದಿರೋದು” ಎಂದರು ಮೇಷ್ಟ್ರು.

ಹೀಗೆ ಉಡಚಮ್ಮನ ಕೈಗೆ ಮೊದಲ ಬಾರಿಗೆ ಒಂದು ಇಡೀ ಪುಸ್ತಕ ಬಂತು.

ಮೊದಲ ವಾರವೆಲ್ಲ ಅವಳು ಎಂದಿನಂತೆ ಅಕ್ಷರ ನೋಡಿ ಅಕ್ಷರ ಇಟ್ಟಳು. ಗಾಳಿಗೂ ತೂಕವಿದೆ ಎಂಬ ಸಾಲು ಬಂದಾಗ ಮಾತ್ರ ಕೈ ನಿಂತಿತು. ಅದನ್ನು ಇನ್ನೊಮ್ಮೆ ಓದಿದಳು. ಆಮೇಲೆ ಓದದೆ ಜೋಡಿಸಲು ಆಗಲೇ ಇಲ್ಲ. ಹಗಲು ಕಾದ ನೆಲದ ಗಾಳಿ ಹಗುರಾಗಿ ಮೇಲೇರುವುದು, ಅದರ ಜಾಗಕ್ಕೆ ಸಮುದ್ರದ ಕಡೆಯ ತಂಪು ಗಾಳಿ ನುಗ್ಗುವುದು, ಆ ಗಾಳಿ ಪಡುವಣದ ಗುಡ್ಡ ಹತ್ತುವಾಗ ಹೊತ್ತ ನೀರನ್ನೆಲ್ಲ ಅಲ್ಲೇ ಇಳಿಸಿಬಿಡುವುದು. ಜಗಳೂರಿನ ಬಯಲಿಗೆ ಬರುವ ಹೊತ್ತಿಗೆ ಅದರ ಹತ್ತಿರ ಕೊಡಲು ಏನೂ ಉಳಿದಿರುವುದಿಲ್ಲ. ತನ್ನೂರಿನ ಮೇಲೆ ಮೋಡ ಬಂದು ಬಂದು ಹಾಗೇ ಹೋಗುತ್ತಿದ್ದುದನ್ನು ಅವಳು ಹುಟ್ಟಿದಾಗಿನಿಂದ ನೋಡಿದ್ದಳು. ಮಂದಿಯ ಪಾಪದಿಂದ ಹಾಗಾಗುತ್ತದೆ ಎಂದು ಅವ್ವ ಹೇಳುತ್ತಿದ್ದಳು. ಪಾಪವಲ್ಲ, ಗುಡ್ಡ ಅಡ್ಡ ಇದೆ, ಅಷ್ಟೇ ಎಂದು ತಿಳಿದಾಗ ಅವಳಿಗೆ ಯಾಕೋ ಮನಸ್ಸು ಹಗುರಾಯಿತು.

ಕೆಲಸ ಮಾತ್ರ ನಿಧಾನವಾಯಿತು. ದಿನಕ್ಕೆ ಮೂರು ಪುಟ ಕಟ್ಟುತ್ತಿದ್ದವಳು ಎರಡಕ್ಕೆ ಇಳಿದಳು.

“ಏನಮ್ಮಾ, ಓದಾಕೆ ಹತ್ತೀಯೋ ಜೋಡಿಸಾಕೆ ಹತ್ತೀಯೋ?” ಎಂದು ಮರುಳಪ್ಪನವರು ಕೇಳಿದರು.

“ಎರಡೂ ಮಾಡ್ತಾ ಇದೀನ್ರಿ” ಎಂದಳು ಉಡಚಮ್ಮ. ಅವರು ನಕ್ಕರು.

ಆರನೆಯ ಅಧ್ಯಾಯದಲ್ಲಿ ಒಂದು ವಿಚಿತ್ರ ಮಾತಿತ್ತು. ಕಲ್ಲಿದ್ದಲು, ಎಣ್ಣೆ ಸುಟ್ಟ ಹೊಗೆಯಲ್ಲಿರುವ ಒಂದು ಅನಿಲ ಗಾಳಿಯಲ್ಲಿ ಹೆಚ್ಚುತ್ತಿದೆ, ಅದು ಕಂಬಳಿ ಹೊದಿಸಿದ ಹಾಗೆ ಭೂಮಿಯ ಕಾವನ್ನು ಹಿಡಿದಿಡುತ್ತದೆ, ಹೀಗೇ ಆದರೆ ಮುಂದಿನ ಐವತ್ತು ನೂರು ವರ್ಷಗಳಲ್ಲಿ ಲೋಕವೇ ಬಿಸಿಯಾಗಿ ಮಳೆಯ ಕ್ರಮ ಕೆಡಬಹುದು ಎಂದು ಹೊರದೇಶದ ವಿಜ್ಞಾನಿಗಳು ಹೇಳುತ್ತಿದ್ದಾರೆ ಎಂದು ಮೇಷ್ಟ್ರು ಬರೆದಿದ್ದರು. ಅದನ್ನು ಉಡಚಮ್ಮ ಓದಿ ಹೇಳಿದಾಗ ಮರುಳಪ್ಪನವರು ಬೀಡಿ ಕೈಯಲ್ಲಿ ಹಿಡಿದುಕೊಂಡೇ, “ಹಂಗಾದ್ರೆ ನಂದೂ ಒಂದು ಪಾಲು ಐತೆ ಅನ್ನು” ಎಂದರು.

ಎಂಟನೆಯ ಅಧ್ಯಾಯವೇ ಪುಸ್ತಕದ ಜೀವ. ಅದರ ಹೆಸರು ‘ಮಳೆ ಎತ್ತ ಹೋಗುತ್ತಿದೆ?’. ಚನ್ನಗಿರಿ, ಹೊನ್ನಾಳಿ, ಜಗಳೂರು ಈ ಮೂರು ಊರುಗಳಲ್ಲಿ ೧೯೫೨ರಿಂದ ೧೯೮೧ರವರೆಗೆ ವರ್ಷವರ್ಷವೂ ಬಿದ್ದ ಮಳೆಯ ಪಟ್ಟಿ ಅದರಲ್ಲಿತ್ತು. ಮೇಷ್ಟ್ರ ಹಳೆಯ ಸ್ನೇಹಿತ, ಚನ್ನಗಿರಿಯ ವಿರೂಪಾಕ್ಷಪ್ಪನೆಂಬವರು ಹುಚ್ಚು ಹತ್ತಿದವರಂತೆ ಮೂರೂ ತಾಲ್ಲೂಕು ಕಚೇರಿಗಳಿಂದ ಕೇಳಿ ತರಿಸಿ ಮೂವತ್ತು ವರ್ಷ ಬರೆದಿಟ್ಟ ಲೆಕ್ಕ ಅದು. ಅದನ್ನು ನಕಲು ಮಾಡಿಕೊಂಡು, ಹತ್ತು ಹತ್ತು ವರ್ಷದ ಸರಾಸರಿ ತೆಗೆದು ಮೇಷ್ಟ್ರು ಒಂದು ತೀರ್ಮಾನಕ್ಕೆ ಬಂದಿದ್ದರು: ಚನ್ನಗಿರಿ ಸೀಮೆಯ ಮಳೆ ಇಳಿಯುತ್ತಿದೆ, ಜಗಳೂರು ಸೀಮೆಯ ಮಳೆ ಏರುತ್ತಿದೆ. ಗುಡ್ಡದ ಮೇಲಿನ ಮರಗಳೆಲ್ಲ ಹೋದದ್ದರಿಂದ ಮೋಡವನ್ನು ತಡೆಯುವವರಿಲ್ಲ, ಅದು ಮೂಡಣಕ್ಕೆ ಸರಿಯುತ್ತಿದೆ. ಚನ್ನಗಿರಿಯ ತೋಟದವರಿಗೆ ಭದ್ರಾ ಚಾನಲ್‌ನ ನೀರಿರುವುದರಿಂದ ಇದು ಗೊತ್ತಾಗಿಲ್ಲ. ಇನ್ನು ಇಪ್ಪತ್ತು ವರ್ಷದಲ್ಲಿ ಜಗಳೂರಿನ ಹೊಲಗಳಲ್ಲಿ ಭತ್ತ ಬೆಳೆದರೂ ಆಶ್ಚರ್ಯವಿಲ್ಲ.

ಆ ಪುಟಗಳನ್ನು ಜೋಡಿಸುವಾಗ ಉಡಚಮ್ಮನ ಬೆರಳಿಗೆ ಹಬ್ಬ. ಮೇಷ್ಟ್ರು ಬೇರೆಲ್ಲ ಕಡೆ ಪಾಠ ಹೇಳಿದ ಹಾಗೆ ಬರೆದಿದ್ದರು, ಇಲ್ಲಿ ಮಾತ್ರ ಮನಸ್ಸು ಬಿಚ್ಚಿ ಬರೆದಿದ್ದರು. ಅವ್ವನ ಎರಡು ಎಕರೆ ಕೆಂಪು ನೆಲ, ಅದರ ಅಂಚಿನ ಜಾಲಿ, ಅದರಲ್ಲಿ ನೀರು ನಿಂತ ಗದ್ದೆ. ಊಟ ಮಾಡುವಾಗಲೂ ಅದೇ ಕಣ್ಣಿಗೆ ಕಟ್ಟುತ್ತಿತ್ತು. ಗಂಡನಿಗೂ ಹೇಳಿದಳು. “ಹಂಗಾದ್ರೆ ಗಿರಣಿ ಅಲ್ಲಿಗೇ ಹೋಗುತ್ತೆ, ನಾವೂ ಹೋಗಾಣ ಬಿಡು” ಎಂದ ಜಂಪಣ್ಣ.

ಪಟ್ಟಿ ಜೋಡಿಸುವ ದಿನ ಬಂತು. ೧೯೭೨ರ ಸಾಲಿಗೆ ಬಂದಾಗ ಜಗಳೂರಿನ ಕಾಲಂನಲ್ಲಿ ಇಪ್ಪತ್ತೇಳು ಅಂಗುಲ ಎಂದಿತ್ತು.

ಉಡಚಮ್ಮನಿಗೆ ಆ ವರ್ಷ ಹದಿನೇಳು ತುಂಬಿತ್ತು. ಆ ವರ್ಷ ಬಿಳಿಚೋಡಿನಲ್ಲಿ ಬಿತ್ತಿದ್ದು ಮೊಳೆಯಲಿಲ್ಲ. ಅವ್ವನ ಜೊತೆ ಅವಳು ರಸ್ತೆಯ ಕಾಮಗಾರಿಯಲ್ಲಿ ಜಲ್ಲಿ ಒಡೆದಿದ್ದಳು, ಜಗಳೂರು ಪೇಟೆಯ ತನಕ ನಡೆದು ಹೋಗಿ ಗಂಜಿಗೆ ಸಾಲು ನಿಂತಿದ್ದಳು. ಕೆರೆಯ ಅಂಗಳದಲ್ಲಿ ಬಿದ್ದಿದ್ದ ಬಿರುಕಿಗೆ ಕುರಿಮರಿಯ ಕಾಲು ಸಿಕ್ಕಿ ಮುರಿದದ್ದು ಇನ್ನೂ ನೆನಪಿತ್ತು. ಇಪ್ಪತ್ತೇಳು ಅಂಗುಲ! ಅಷ್ಟು ಮಳೆ ಬಂದಿದ್ದರೆ ಕೆರೆ ಕೋಡಿ ಬೀಳಬೇಕಿತ್ತು.

ಅವಳು ಜೋಡಿಸಿದಳು, ಆದರೆ ಪ್ರೂಫ್ ತೆಗೆದಾಗ ಅಂಚಿನಲ್ಲಿ ಪೆನ್ಸಿಲಿನಿಂದ ಸಣ್ಣಗೆ ಬರೆದಳು: ‘ಈ ವರ್ಷ ಜಗಳೂರಲ್ಲಿ ಮಳೆ ಬಂದಿಲ್ಲ. ನಾನು ಅಲ್ಲೇ ಇದ್ದೆ.’

ಪ್ರೂಫ್ ನ್ಯಾಮತಿಗೆ ಹೋದ ನಾಲ್ಕನೆಯ ದಿನ ಮೇಷ್ಟ್ರು ಬಂದರು. ಕೂರಲೂ ಇಲ್ಲ, ಪ್ರೂಫನ್ನು ಮೇಜಿನ ಮೇಲಿಟ್ಟರು. “ಯಾರು ಇದನ್ನ ಬರ್ದಿದ್ದು?”

“ನಾನೇ ಸರ್” ಎಂದಳು ಉಡಚಮ್ಮ.

ಮೇಷ್ಟ್ರು ಅವಳನ್ನು ಆಗಲೇ ಮೊದಲ ಸಲ ನೋಡಿದವರಂತೆ ನೋಡಿದರು. ಸಿಟ್ಟು ಸ್ವಲ್ಪ ಇಳಿಯಿತು. “ನೋಡಮ್ಮಾ, ನೆನಪು ಅನ್ನೋದು ಅಳತೆ ಅಲ್ಲ. ಒಂದನೇ ಅಧ್ಯಾಯದಲ್ಲೇ ಬರ್ದಿದೀನಲ್ಲ.”

“ಓದೀನಿ ಸರ್. ನಾನೇ ಜೋಡಿಸಿದ್ದು.”

“ಮತ್ತೆ? ಒಂದೂರಲ್ಲಿ ಬಿದ್ದ ಮಳೆ ಪಕ್ಕದೂರಲ್ಲಿ ಬೀಳಲ್ಲ. ಪೇಟೆಯಲ್ಲಿ ಬಿದ್ದಿರಬಹುದು, ನಿಮ್ಮ ಬಿಳಿಚೋಡಲ್ಲಿ ಬಿದ್ದಿರಲಿಕ್ಕಿಲ್ಲ.”

ಅದು ಸರಿಯೆಂದೇ ಅವಳಿಗೂ ಅನ್ನಿಸಿತು. ಆದರೂ “ಒಂದು ದಿನ ಹಂಗಾಗಬಹುದು ಸರ್. ವರ್ಷೊಪ್ಪತ್ತೂ ಹಂಗೇ ಆಗುತ್ತಾ? ನಾವು ಗಂಜಿಗೆ ಹೋಗ್ತಿದ್ದಿದ್ದು ಪೇಟೆಗೇ” ಎಂದಳು.

ಮೇಷ್ಟ್ರ ಮುಖ ಕೆಂಪಾಯಿತು. ಮರುಳಪ್ಪನವರ ಕಡೆ ತಿರುಗಿದರು. “ನಾನು ಎಂಟು ವರ್ಷ ಮಾಡಿದ ಕೆಲ್ಸ ಇದು. ಇದ್ದದ್ದು ಇದ್ದ ಹಾಗೆ ಅಚ್ಚು ಹಾಕಿ.” ಛತ್ರಿ ಎತ್ತಿಕೊಂಡು ಹೊರಟೇ ಹೋದರು.

“ಬರ್ದದ್ದನ್ನ ಜೋಡಿಸೋದು ನಮ್ಮ ಕೆಲ್ಸ. ತಿದ್ದೋದಲ್ಲ” ಎಂದರು ಮರುಳಪ್ಪನವರು. ಜೋರು ಮಾಡಿ ಹೇಳಲಿಲ್ಲ. ಆದರೂ ಉಡಚಮ್ಮನಿಗೆ ಅವಮಾನವಾಯಿತು. ಇನ್ನು ಬಾಯಿ ಬಿಡಬಾರದು ಎಂದುಕೊಂಡಳು.

ಹಾಗೆ ಅಂದುಕೊಂಡದ್ದು ಎರಡು ದಿನ ನಡೆಯಿತು. ಮೂರನೆಯ ದಿನ, ಪಟ್ಟಿಯ ಸಾಲುಗಳನ್ನು ನೇರ ಮಾಡುತ್ತಿದ್ದಾಗ, ಅವಳಿಗೆ ಜೋಡಿಸುವಾಗಿನ ಒಂದು ಸಂಗತಿ ನೆನಪಾಯಿತು. ಪ್ರೆಸ್ಸಿನಲ್ಲಿ ಅಂಕಿಯ ಮೊಳೆಗಳು ಕಡಿಮೆ. ಮೊದಲ ಹದಿನೆಂಟು ಸಾಲುಗಳಲ್ಲಿ ಹತ್ತರ ಜಾಗಕ್ಕೆ ಮೂರರ ಅಂಕಿ ಬೇಕಾದದ್ದೆಲ್ಲ ಚನ್ನಗಿರಿಯ ಕಾಲಂಗೆ. ಅಲ್ಲಿ ಎಲ್ಲವೂ ಮೂವತ್ತರ ಆಚೀಚೆ. ಜಗಳೂರಿಗೆ ಒಂದು, ಎರಡರಲ್ಲೇ ಮುಗಿದಿತ್ತು. ೧೯೭೦ರ ಸಾಲಿನಿಂದ ಮೂರರ ಅಂಕಿ ಬೇಕಾದದ್ದು ಜಗಳೂರಿನ ಕಾಲಂಗೆ, ಒಂದು ಎರಡು ಬೇಕಾದದ್ದು ಚನ್ನಗಿರಿಗೆ. ಆ ವರ್ಷಕ್ಕೆ ಅವಳ ಕೈ ಗಕ್ಕನೆ ತನ್ನ ಅಭ್ಯಾಸ ಬದಲಾಯಿಸಬೇಕಾಗಿ ಬಂದಿತ್ತು.

ಅವಳು ಪ್ರೂಫನ್ನು ಬೆಳಕಿಗೆ ಹಿಡಿದು ಬೆರಳಿಟ್ಟು ನೋಡುತ್ತ ಬಂದಳು. ಮೆಲ್ಲಗೆ ಏರಿದ್ದೂ ಇರಲಿಲ್ಲ, ಮೆಲ್ಲಗೆ ಇಳಿದದ್ದೂ ಇರಲಿಲ್ಲ. ಒಂದೇ ವರ್ಷದಲ್ಲಿ ಚನ್ನಗಿರಿ ಜಗಳೂರಾಗಿತ್ತು, ಜಗಳೂರು ಚನ್ನಗಿರಿಯಾಗಿತ್ತು. ನಡುವಿನ ಹೊನ್ನಾಳಿಯ ಕಾಲಂ ಮಾತ್ರ ಅಲ್ಲಾಡದೆ ಇದ್ದಲ್ಲೇ ಇತ್ತು. ಹವೆ ಬದಲಾಗುವುದು ಬಹಳ ನಿಧಾನ, ಮೂವತ್ತು ವರ್ಷದ ಲೆಕ್ಕವಿಲ್ಲದೆ ಆ ಮಾತು ಎತ್ತಬಾರದು ಎಂದು ನಾಲ್ಕನೆಯ ಅಧ್ಯಾಯದಲ್ಲಿ ಮೇಷ್ಟ್ರೇ ಬರೆದಿದ್ದರು. ಹತ್ತು ಹತ್ತು ವರ್ಷ ಕೂಡಿಸಿ ಭಾಗಿಸಿದ್ದರಿಂದ ಅವರ ಕಣ್ಣಿಗೆ ಅದು ಇಳಿಜಾರಿನ ಹಾಗೆ ಕಂಡಿತ್ತು.

ಇಷ್ಟು ತಿಳಿದ ಮೇಲೂ ಅವಳಿಗೆ ಖುಷಿಯಾಗಲಿಲ್ಲ. ಇದು ನಿಜವಾದರೆ ಅವ್ವನ ನೆಲಕ್ಕೆ ಬರಲಿದ್ದ ಮಳೆ ಬರುವುದಿಲ್ಲ ಎಂದಾಗುತ್ತಿತ್ತು. ತಾನು ತೋರಿಸದಿದ್ದರೆ ಯಾರಿಗೂ ತಿಳಿಯುವುದಿಲ್ಲ. ಅಚ್ಚಾಗಲಿ, ನಾಲ್ಕು ಜನ ಓದಿ ಸಂತೋಷಪಡಲಿ, ಏನು ಗಂಟು ಹೋಗುತ್ತದೆ? ಹೀಗೆ ಒಂದು ಇಡೀ ದಿನ ಯೋಚಿಸಿದಳು. ಆದರೆ ಬಿಳಿಚೋಡಿನ ಯಾರಾದರೂ ಇದನ್ನು ಓದಿ, ನಂಬಿ, ಸಜ್ಜೆ ಬಿಟ್ಟು ಬೇರೇನಾದರೂ ಬಿತ್ತಿಬಿಟ್ಟರೆ ಎಂಬ ಯೋಚನೆ ಬಂದದ್ದೇ, ಭಾನುವಾರ ಬೆಳಗ್ಗೆ ನ್ಯಾಮತಿಯ ಬಸ್ಸು ಹತ್ತಿದಳು.

ಮೇಷ್ಟ್ರ ಮನೆಯಲ್ಲಿ ಅವರ ಹೆಂಡತಿ ಅನ್ನಪೂರ್ಣಮ್ಮ ಬಾಗಿಲಿಗೆ ಬಂದರು. ಪ್ರೆಸ್ಸಿನವಳು ಎಂದ ಮೇಲೆ ಒಳಗೆ ಕರೆದು ಕೂರಿಸಿ ಕಾಫಿ ಕೊಟ್ಟರು. ಮೇಷ್ಟ್ರು ಹೊರಬಂದು, “ಮತ್ತೇನು? ಎಪ್ಪತ್ತೆರಡೇನಾ?” ಎಂದರು.

“ಅದಲ್ಲ ಸರ್. ಎಪ್ಪತ್ತು.”

ಅವಳು ಪ್ರೂಫನ್ನು ಚಾಪೆಯ ಮೇಲೆ ಹರಡಿ, ಮೂರರ ಅಂಕಿಯ ಕಥೆ ಹೇಳಿದಳು. ನಡುವಿನ ಕಾಲಂ ತೋರಿಸಿದಳು. ಅವಳಿಗೆ ಒಪ್ಪವಾಗಿ ಹೇಳಲು ಬರಲಿಲ್ಲ. ಎರಡೆರಡು ಸಲ ಹೇಳಬೇಕಾಯಿತು. ಮೇಷ್ಟ್ರು ಮೊದಲು ಅಲ್ಲವೆಂದು ತಲೆ ಆಡಿಸಿದರು. ಆಮೇಲೆ ಕನ್ನಡಕ ಹಾಕಿಕೊಂಡರು. ಒಳಗೆ ಹೋಗಿ ತಮ್ಮ ನಕಲಿನ ಪುಸ್ತಕ ತಂದರು. ಅದರಲ್ಲಿಯೂ ಅಂಕಿಗಳು ಪ್ರೂಫಿನಲ್ಲಿದ್ದ ಹಾಗೇ ಇದ್ದವು.

“ನಾನು ಸರಿಯಾಗೇ ಇಳಿಸ್ಕೊಂಡಿದೀನಿ. ಅರವತ್ತೊಂಬತ್ತರ ತನಕ ವಿರೂಪಾಕ್ಷಪ್ಪನ ಹಳೇ ನೋಟ್‌ಬುಕ್ಕು, ಎಪ್ಪತ್ತರಿಂದ ಹೊಸಾ...”

ಅವರ ಬೆರಳು ಎಪ್ಪತ್ತರ ಸಾಲಿನ ಮೇಲೆಯೇ ನಿಂತಿತು.

ಅನ್ನಪೂರ್ಣಮ್ಮ ಕಾಫಿಯ ಲೋಟ ತೆಗೆಯಲು ಬಂದವರು ಗಂಡನ ಮುಖ ನೋಡಿ, “ಯಾಕ್ರೀ, ಮೈ ಹುಷಾರಿಲ್ವಾ?” ಎಂದು ಕೇಳಿದರು.

“ಏನಿಲ್ಲ. ನಾಳೆ ಚನ್ನಗಿರಿಗೆ ಹೋಗ್ಬೇಕು” ಎಂದರು ಮೇಷ್ಟ್ರು. ಉಡಚಮ್ಮ ಹನ್ನೊಂದರ ಬಸ್ಸಿಗೆ ವಾಪಸು ಬಂದಳು.

ಆಮೇಲೆ ಒಂದು ವಾರ ಸುದ್ದಿಯಿಲ್ಲ. ಎರಡು ವಾರವಾಯಿತು. ಮಾಘದ ಲಗ್ನಗಳು ಹತ್ತಿರ ಬಂದವು. ದಿನಕ್ಕೆ ನಾಲ್ಕು ಲಗ್ನಪತ್ರಿಕೆ ಬರತೊಡಗಿದವು. ಪ್ರೆಸ್ಸಿನ ಒಳ್ಳೆಯ ಮೊಳೆಗಳೆಲ್ಲ ಮೇಷ್ಟ್ರ ಪುಸ್ತಕದಲ್ಲಿ ಸಿಕ್ಕಿಹಾಕಿಕೊಂಡು ಕೂತಿದ್ದವು. ‘ಶ್ರೀ’ಗೂ ಬರ ಬಂದಿತ್ತು.

“ಬಿಡಿಸಿ ಖಾನೆಗೆ ಹಾಕಿಬಿಡು. ಅವ್ರು ಬಂದಾಗ ನೋಡಾಣ” ಎಂದರು ಮರುಳಪ್ಪನವರು.

“ಬಿಡಿಸಿದ್ರೆ ಮತ್ತೆ ಮೊದಲಿಂದ ಜೋಡಿಸ್ಬೇಕು. ಸೋಮವಾರದ ತನಕ ತಡೀರಿ” ಎಂದಳು ಉಡಚಮ್ಮ. ಸವೆದುಹೋದ ಹಳೆಯ ಮೊಳೆಗಳನ್ನು ಪೆಟ್ಟಿಗೆಯಿಂದ ತೆಗೆದು, ಅವುಗಳಲ್ಲೇ ಆರಿಸಿ ಲಗ್ನಪತ್ರಿಕೆ ಜೋಡಿಸಿದಳು. ಒಬ್ಬ ಬೀಗರು ಅಕ್ಷರ ಮಂಕಾಗಿದೆಯೆಂದು ಜಗಳ ತೆಗೆದು ಹೋದರು. ಸೋಮವಾರ ಕಳೆದು ಮತ್ತೊಂದು ಸೋಮವಾರವಾಯಿತು. ಎರಡನೆಯ ಗಡುವನ್ನೂ ಮರುಳಪ್ಪನವರು ಗೊಣಗುತ್ತಲೇ ಕೊಟ್ಟರು.

ಗುರುವಾರ ಮಧ್ಯಾಹ್ನ ಮೇಷ್ಟ್ರು ಬಂದರು. ಈ ಸಲ ಕೂತರು. ಗಡ್ಡ ಬೋಳಿಸಿರಲಿಲ್ಲ.

“ವಿರೂಪಾಕ್ಷಪ್ಪ ಹೊಸ ನೋಟ್‌ಬುಕ್ಕಲ್ಲಿ ಜಗಳೂರನ್ನ ಮೊದ್ಲು ಬರ್ದಿದಾನೆ, ಚನ್ನಗಿರಿನ ಕೊನೇಗೆ. ಮೊದಲ್ನೇ ಹಾಳೆ ಮೇಲೆ ಊರಿನ ಹೆಸ್ರು ಹಾಕಿದ್ದ. ಆ ಹಾಳೆ ಹರಿದು ಹೋಗಿತ್ತು, ಅದನ್ನ ಬೇರೆ ಕಡೆ ಮಡಚಿ ಇಟ್ಟಿದ್ದ. ನಾನು ಹಳೇದರ ಹಾಗೇ ಅಂತ ಇಳಿಸ್ಕೊಂಡೆ. ಅವನನ್ನ ಒಂದು ಮಾತು ಕೇಳಲಿಲ್ಲ.”

ಮರುಳಪ್ಪನವರು ಎದ್ದು ಹೋಗಿ ಒಂದು ಲೋಟ ನೀರು ತಂದುಕೊಟ್ಟರು.

“ಕೇಳಬೇಕಿತ್ತು ಅಂತ ಗೊತ್ತಿತ್ತು ಕಣಮ್ಮ” ಎಂದರು ಮೇಷ್ಟ್ರು ಉಡಚಮ್ಮನಿಗೆ. “ಆದ್ರೆ ಅಂಕಿ ಎಷ್ಟು ಚೆನ್ನಾಗಿ ಹೊಂದಿತ್ತು ಅಂದ್ರೆ, ಕೇಳೋಕೆ ಮನಸ್ಸೇ ಬರಲಿಲ್ಲ.”

“ನನಗೂ ಹಂಗೇ ಆಗಿತ್ತು ಸರ್” ಎಂದಳು ಅವಳು. “ನಿಮ್ಮನ್ನ ನೋಡಾಕೆ ಬರಬಾರದು ಅಂತಾನೇ ಇದ್ದೆ.”

ಮೇಷ್ಟ್ರು ಅವಳನ್ನೇ ನೋಡಿದರು. ಅವರಿಗೆ ಆ ಮಾತು ಪೂರ್ತಿ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಆಮೇಲೆ, “ಎಂಟನೇ ಅಧ್ಯಾಯ ಪೂರ್ತಿ ಬಿಡಿಸಿಬಿಡು. ಉಳಿದದ್ದು ಅಚ್ಚಾಗ್ಲಿ” ಎಂದರು.

ಆ ಸಂಜೆಯೇ ಅವಳು ಹದಿನಾಲ್ಕು ಪುಟಗಳಿಗೆ ಸುತ್ತಿ ಕಟ್ಟಿದ್ದ ದಾರ ಬಿಚ್ಚಿ ಮೊಳೆಗಳನ್ನು ಖಾನೆಗಳಿಗೆ ಹಾಕಿದಳು. ‘ಗ’ ಗ-ದ ಮನೆಗೆ, ‘ಳ’ ಳ-ದ ಮನೆಗೆ. ಭತ್ತದ ಸಾಲು ಬಂದಾಗ ಇನ್ನೊಮ್ಮೆ ಓದಿಕೊಂಡೇ ಬಿಡಿಸಿದಳು.

ಮಾರನೆಯ ದಿನ ಮೇಷ್ಟ್ರಿಗೆ ಕಾರ್ಡು ಬರೆದಳು. ಒಂದು ಅಧ್ಯಾಯವೇ ಇಲ್ಲದಿದ್ದರೆ ಏಳರ ಮುಂದೆ ಒಂಬತ್ತು ಬರುತ್ತದೆ. ಅಲ್ಲಿ ಏನಾಯಿತೋ ಅದನ್ನೇ ಬರೆದುಕೊಟ್ಟರೆ ಜೋಡಿಸುತ್ತೇನೆ, ಎಂದು. ಒಂಬತ್ತನ್ನೇ ಎಂಟು ಮಾಡಿಕೊಂಡರೆ ಮುಗಿಯಿತಲ್ಲ ಎಂದು ಮರುಳಪ್ಪನವರು ಅಂದರು. ಅದು ಅವಳಿಗೂ ಗೊತ್ತಿತ್ತು, ಅಂಕೆ ಬರೀ ನೆವ.

ಹತ್ತು ದಿನದ ಮೇಲೆ ಅಂಚೆಯಲ್ಲಿ ಐದು ಹಾಳೆ ಬಂದವು. ತಾನು ಏನೆಂದುಕೊಂಡಿದ್ದೆ, ಯಾಕೆ ಹಾಗೆಂದುಕೊಂಡೆ, ತಪ್ಪು ಎಲ್ಲಿತ್ತು ಎಂಬುದನ್ನು ಮೇಷ್ಟ್ರು ಮುಚ್ಚುಮರೆಯಿಲ್ಲದೆ ಬರೆದಿದ್ದರು. ಸರಿಪಡಿಸಿದ ಪಟ್ಟಿಯಿತ್ತು. ಅದರ ಪ್ರಕಾರ ಮೂರು ಊರುಗಳ ಮಳೆಯೂ ಮೂವತ್ತು ವರ್ಷದಲ್ಲಿ ಹೆಚ್ಚಿಯೂ ಇರಲಿಲ್ಲ, ಕಡಿಮೆಯೂ ಆಗಿರಲಿಲ್ಲ. ಒಂದು ವರ್ಷ ಹಾಗೆ, ಒಂದು ವರ್ಷ ಹೀಗೆ. ಮುಂದೆ ಏನಾಗುವುದೋ ಈ ಲೆಕ್ಕದಿಂದ ಹೇಳಲು ಬರುವುದಿಲ್ಲ, ಆದ್ದರಿಂದಲೇ ಇನ್ನೂ ಅಳೆಯುತ್ತಿರಬೇಕು ಎಂದು ಮುಗಿಸಿದ್ದರು. ತಪ್ಪು ಕಂಡುಹಿಡಿದವರು ಈ ಪುಸ್ತಕದ ಮೊಳೆ ಜೋಡಿಸಿದ ಉಡಚಮ್ಮ ಎಂದು ಒಂದು ಸಾಲಿತ್ತು. ತನ್ನ ಹೆಸರನ್ನು ಒಂದೊಂದೇ ಅಕ್ಷರವಾಗಿ ಎತ್ತಿಡುವಾಗ ಅವಳಿಗೆ ನಾಚಿಕೆಯಾಗಿ ಸುತ್ತ ಯಾರಾದರೂ ನೋಡುತ್ತಿದ್ದಾರೆಯೇ ಎಂದು ನೋಡಿಕೊಂಡಳು.

೧೯೮೪ರ ಯುಗಾದಿಯ ಹೊತ್ತಿಗೆ ಪುಸ್ತಕ ಹೊರಬಂತು. ಮರುಳಪ್ಪನವರು ಹೇಳಿದಂತೆ ಬಹಳ ಮಾರಾಟವಾಗಲಿಲ್ಲ. ಹಬ್ಬಕ್ಕೆ ಬಿಳಿಚೋಡಿಗೆ ಹೋದಾಗ ಉಡಚಮ್ಮ ಒಂದು ಪ್ರತಿ ತೆಗೆದುಕೊಂಡು ಹೋದಳು. ಅವ್ವ ಹನುಮಂತಮ್ಮನಿಗೆ ಓದು ಬರುತ್ತಿರಲಿಲ್ಲ. ಪುಸ್ತಕವನ್ನು ತೂಗಿ ನೋಡಿದವಳಂತೆ ಕೈಯಲ್ಲಿ ಹಿಡಿದು, “ಏನಂತೆ ಇದರಾಗೆ? ಮಳೆ ಬರುತ್ತಂತಾ?” ಎಂದಳು.

“ಹೇಳಾಕೆ ಬರಲ್ಲ ಅಂತ ಐತವ್ವ.”

“ಅಷ್ಟು ಹೇಳಾಕೆ ಇಷ್ಟು ಹಾಳೆ ಬೇಕಾತಾ?”

ತಮ್ಮ ಸಣ್ಣಪ್ಪ ಗಟ್ಟಿಯಾಗಿ ನಕ್ಕ. ಉಡಚಮ್ಮನೂ ನಕ್ಕಳು. ಆಮೇಲೆ ಕಟ್ಟೆಯ ಮೇಲೆ ಕೂತು ಮೋಡ ಗುಡ್ಡ ಹತ್ತುವ ಅಧ್ಯಾಯ ಓದಿ ಹೇಳಿದಳು. ಪಕ್ಕದ ಮನೆಯ ಲಕ್ಷ್ಮಕ್ಕನೂ ಬಂದು ಕೂತಳು. ಪಾಪದ ಮಾತು ಬಂದಾಗ ಅವ್ವ ಒಪ್ಪಲಿಲ್ಲ. ಗುಡ್ಡವೂ ಇರಬಹುದು, ಪಾಪವೂ ಇರಬಹುದು ಎಂದಳು.

ಸಣ್ಣಪ್ಪ ಮಾತ್ರ ಎರಡನೆಯ ಅಧ್ಯಾಯದ ಚಿತ್ರವನ್ನು ತಿರುಗಿಸಿ ತಿರುಗಿಸಿ ನೋಡಿದ. ನೇರ ಗೋಡೆಯ ಡಬ್ಬಿಯೊಂದನ್ನು ಬಯಲಲ್ಲಿಟ್ಟು ಬೆಳಿಗ್ಗೆ ಅಳೆಯುವುದು ಹೇಗೆ ಎಂದು ಅದರಲ್ಲಿತ್ತು. “ಇದನ್ನ ನಾವೂ ಮಾಡಬಹುದಾ ಅಕ್ಕ?” ಎಂದ.

ಆ ವರ್ಷದ ಮುಂಗಾರಿನಿಂದ ಅವನು ಹೊಲದ ಬದುವಿನಲ್ಲಿ ಡಬ್ಬಿ ಇಟ್ಟ. ತಿಂಗಳಿಗೊಂದು ಕಾರ್ಡು ಹೊನ್ನಾಳಿಗೆ ಬರುತ್ತಿತ್ತು; ಅದರ ನಕಲನ್ನು ಉಡಚಮ್ಮ ನ್ಯಾಮತಿಗೆ ಕಳಿಸುತ್ತಿದ್ದಳು. ಮೊದಲ ಕಾರ್ಡಿನಲ್ಲಿ ಬರೀ ಅಂಕಿಗಳಿದ್ದವು. ಮೇಷ್ಟ್ರು ಆ ನಕಲಿನ ಕೆಳಗೆ ಕೆಂಪು ಶಾಯಿಯಲ್ಲಿ ‘ಊರಿನ ಹೆಸರು, ತಿಂಗಳು ಬರೆಯಿರಿ’ ಎಂದು ಬರೆದು ಹಿಂದಕ್ಕೆ ಕಳಿಸಿದರು. ಎರಡನೆಯದರಿಂದ ಸಣ್ಣಪ್ಪ ಎಲ್ಲವನ್ನೂ ಬರೆಯತೊಡಗಿದ.